ಡಬ್ಬಿಯ ಮೇಲಿನ ಅಂಕಿ

ಕಾರಿನ ಬ್ರೇಕ್ ಕ್ಯಾಲಿಪರ್‌ಗಳಿಗೆ ಮನೆಯಲ್ಲೇ ಬಣ್ಣ ಬಳಿಯಲು ಹೊರಟವರು ಪೇಂಟ್ ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಎಷ್ಟು ಡಿಗ್ರಿ ಬಿಸಿ ತಡೆಯುತ್ತದೆ? ಅಂಗಡಿಯವರು ಡಬ್ಬಿ ತಿರುಗಿಸಿ ಅಂಕಿ ತೋರಿಸುತ್ತಾರೆ. 200 ಎಂದು ಬರೆದದ್ದಕ್ಕಿಂತ 400 ಮೇಲು, 400ಕ್ಕಿಂತ 600 ಇನ್ನೂ ಮೇಲು ಎಂಬ ಲೆಕ್ಕದಲ್ಲಿ ವ್ಯಾಪಾರ ಮುಗಿಯುತ್ತದೆ. ಬ್ರೇಕ್ ವಿಪರೀತ ಬಿಸಿಯಾಗುವ ಜಾಗ, ಆದ್ದರಿಂದ ಬಿಸಿಗೆ ಬಗ್ಗದ ಬಣ್ಣವೇ ಬೇಕು ಎನ್ನುವ ಈ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಆದರೆ ಕೆಲವೇ ತಿಂಗಳಲ್ಲಿ ಹಕ್ಕಳೆ ಎದ್ದ ಬಣ್ಣವನ್ನು ಕೆರೆದು ಅದರ ಅಡಿಭಾಗ ನೋಡಿದರೆ ಸುಟ್ಟ ಗುರುತು ಸಿಗುವುದು ಅಪರೂಪ. ಸಿಗುವುದು ಹಳೆಯ ಜಿಡ್ಡು, ಸಡಿಲವಾದ ತುಕ್ಕು, ನೀರು ಆರಿಹೋದ ಮೇಲೆ ಉಳಿದ ಬಿಳಿ ಕಲೆ, ಇಲ್ಲವೇ ಬ್ರೇಕ್ ಆಯಿಲ್ ಹರಿದು ಮೆತ್ತಗಾದ ಪದರ. ಕ್ಯಾಲಿಪರ್ ಬಣ್ಣ ಬಾಳುವುದೂ ಬೀಳುವುದೂ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ, ಆ ತೀರ್ಮಾನದಲ್ಲಿ ಡಿಗ್ರಿಯ ಅಂಕಿಯ ಪಾತ್ರ ಚಿಕ್ಕದು ಎನ್ನುವುದು ಈ ಅಧ್ಯಾಯದ ವಾದ. ಉದಾಹರಣೆಗೆ ಆರಿಸಿಕೊಂಡಿರುವ ಊರು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು. ಅಲ್ಲಿನ ನೀರು, ಹವೆ, ಧೂಳು, ರೇಷ್ಮೆ ಸಾಕಣೆ ಎಲ್ಲವೂ ಈ ಪುಟ್ಟ ಕೆಲಸದ ಫಲಿತಾಂಶದಲ್ಲಿ ಕೈಯಾಡಿಸುತ್ತವೆ.

ಮೊದಲು ಕ್ಯಾಲಿಪರ್ ಏನೆಂದು ತಿಳಿಯಬೇಕು. ಚಕ್ರದೊಂದಿಗೆ ತಿರುಗುವ ಕಬ್ಬಿಣದ ಡಿಸ್ಕನ್ನು ಎರಡೂ ಕಡೆಯಿಂದ ಬಳಸಿ ನಿಂತಿರುವ ಎರಕದ ಭಾಗ ಅದು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ನ ಒತ್ತಡ ಕ್ಯಾಲಿಪರ್ ಒಳಗಿನ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಪ್ಯಾಡನ್ನು ತಳ್ಳುತ್ತದೆ, ಪ್ಯಾಡುಗಳು ಡಿಸ್ಕನ್ನು ಅದುಮಿ ಹಿಡಿಯುತ್ತವೆ. ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರೂ, ಅದು ಜಗತ್ತಿನ ಗಮನ ಸೆಳೆದದ್ದು 1953ರಲ್ಲಿ, ಡಿಸ್ಕ್ ಬ್ರೇಕ್ ಅಳವಡಿಸಿದ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ ರೇಸ್ ಗೆದ್ದಾಗ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್. ಹಾಗಾಗಿ ಬಣ್ಣದ ಕೆಲಸ ಎಂದರೆ ಎರಡು ಕ್ಯಾಲಿಪರ್, ಮನಸ್ಸಿದ್ದರೆ ಎರಡು ಡ್ರಮ್ಮಿನ ಹೊರಮೈ. ಇವುಗಳ ಲೋಹ ಹೆಚ್ಚಾಗಿ ಎರಕದ ಕಬ್ಬಿಣ. ಮೂರರಿಂದ ನಾಲ್ಕು ಶೇಕಡಾದಷ್ಟು ಇಂಗಾಲವಿರುವ, ಉಕ್ಕಿಗಿಂತ ಕಡಿಮೆ ಬಿಸಿಗೇ ಕರಗಿ ಅಚ್ಚಿನ ಮೂಲೆಮೂಲೆಗೂ ಹರಿಯುವ ಲೋಹ. ಮೇಲೂರಿನ ಜಿಲ್ಲೆಯವರೇ ಆದ, ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮುಂದೆ ನಿಂತು ಕಟ್ಟಿಸಿದ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸಲು ತೊಡಗಿದಾಗ ಹೊರಬಂದದ್ದೂ ಇಂಥ ಎರಕಕ್ಕೆ ಮೂಲವಾದ ಬೀಡುಕಬ್ಬಿಣವೇ. ಎರಕದ ಮೈ ಒರಟು, ಅಲ್ಲಲ್ಲಿ ಸಣ್ಣ ರಂಧ್ರಗಳಿಂದ ಕೂಡಿದ್ದು. ಆ ರಂಧ್ರಗಳಲ್ಲಿ ಎಣ್ಣೆ ಅಡಗಿ ಕೂರುತ್ತದೆ. ಈ ಸಂಗತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಈಗ ಬಿಸಿಯ ಲೆಕ್ಕ. ಒಂದು ಸಾವಿರ ಕಿಲೋ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದು ಪೂರ್ತಿ ನಿಂತರೆ, ಸುಮಾರು 247 ಕಿಲೋಜೂಲ್ ಚಲನಶಕ್ತಿ ಶಾಖವಾಗಬೇಕು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಅದರ ಮುಕ್ಕಾಲಿಗೆ ತುಸು ಕಡಿಮೆ ಪಾಲು ಮುಂದಿನ ಎರಡು ಡಿಸ್ಕುಗಳಿಗೆ ಹೋಗುತ್ತದೆ ಎಂದುಕೊಳ್ಳೋಣ. ಐದು ಕಿಲೋ ತೂಕದ ಒಂದು ಡಿಸ್ಕು ಆಗ ಬಿಸಿಯಾಗುವುದು 35ರಿಂದ 40 ಡಿಗ್ರಿಯಷ್ಟು. ಒಂದೇ ಸಲದ ಬ್ರೇಕಿಗೆ ಇಷ್ಟು. ಇನ್ನೂ ಕಠಿಣ ಪರೀಕ್ಷೆ ಹತ್ತಿರದಲ್ಲೇ ಇದೆ. 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ಕಾರು ಸುಮಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 49 ಲಕ್ಷ ಜೂಲ್, ಅಂದರೆ 15 ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವಷ್ಟು. ಕೆಳಗಿನ ಗೇರಿನಲ್ಲಿ ಇಳಿದರೆ ಇದರ ದೊಡ್ಡ ಪಾಲನ್ನು ಎಂಜಿನ್ ಮತ್ತು ಗಾಳಿ ಹೀರಿಕೊಳ್ಳುತ್ತವೆ. ನ್ಯೂಟ್ರಲ್‌ನಲ್ಲಿ ಇಳಿಯುವ ಅವಿವೇಕ ಮಾಡಿದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನ ತಲೆಗೆ. ಡಿಸ್ಕು ನೂರಾರು ಡಿಗ್ರಿ ಮುಟ್ಟುವುದು ಇಂಥ ಕಡೆ. ಆದರೆ ಇಲ್ಲಿ ಗಮನಿಸಬೇಕಾದದ್ದು, ಈ ಶಾಖದ ಬಹುಪಾಲು ಸೇರುವುದು ಡಿಸ್ಕಿಗೆ. ಪ್ಯಾಡಿನ ಘರ್ಷಣೆಯ ವಸ್ತು ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಅದನ್ನು ದಾಟಿ, ಹಿಂದಿನ ಉಕ್ಕಿನ ತಗಡನ್ನು ದಾಟಿ, ಪಿಸ್ಟನ್ನನ್ನು ದಾಟಿ ಕ್ಯಾಲಿಪರ್‌ನ ಮೈಗೆ ಬರುವುದು ಸ್ವಲ್ಪವೇ, ಅದೂ ನಿಧಾನವಾಗಿ. ಡಿಸ್ಕಿನ ಬಿಸಿಯನ್ನು ಕ್ಯಾಲಿಪರ್‌ನ ಬಿಸಿ ಎಂದು ಎಣಿಸುವುದರಿಂದಲೇ 600 ಡಿಗ್ರಿಯ ಡಬ್ಬಿಗೆ ಬೇಡಿಕೆ ಹುಟ್ಟಿದೆ.

ಕ್ಯಾಲಿಪರ್ ಎಷ್ಟು ಬಿಸಿಯಾಗಬಹುದು ಎಂಬುದಕ್ಕೆ ಉಷ್ಣಮಾಪಕವೇ ಇಲ್ಲದೆ ಒಂದು ಮಿತಿ ಹಾಕಬಹುದು. ಅದರ ಹೊಟ್ಟೆಯೊಳಗೇ ಬ್ರೇಕ್ ಆಯಿಲ್ ಇದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿಗಿಂತ ಕೆಳಗೆ ಕುದಿಯಬಾರದು, ಡಾಟ್ 4 ದರ್ಜೆಯದು 230 ಡಿಗ್ರಿಗಿಂತ ಕೆಳಗೆ ಕುದಿಯಬಾರದು ಎನ್ನುವುದು ನಿಯಮ. ಈ ದ್ರವ ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವದ್ದು. ಶೇಕಡಾ 3.7ರಷ್ಟು ನೀರು ಸೇರಿದ ಸ್ಥಿತಿಗೆ ನಿಗದಿಯಾಗಿರುವ ಕನಿಷ್ಠ ಕುದಿಬಿಂದು ಡಾಟ್ 3ಕ್ಕೆ 140, ಡಾಟ್ 4ಕ್ಕೆ 155 ಡಿಗ್ರಿ. ಆಯಿಲ್ ಕುದಿದು ಆವಿಯ ಗುಳ್ಳೆಗಳೆದ್ದರೆ ಪೆಡಲ್ ಸೀದಾ ಕೆಳಗಿಳಿಯುತ್ತದೆ, ಏಕೆಂದರೆ ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕ್ಯಾಲಿಪರ್‌ನ ಮೈ ಹೊತ್ತುಗಟ್ಟಲೆ 300 ಡಿಗ್ರಿಯಲ್ಲಿ ಇದ್ದಿದ್ದರೆ ಆ ಕಾರಿಗೆ ಬ್ರೇಕೇ ಇರುತ್ತಿರಲಿಲ್ಲ. ದಿನವೂ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರಗಳಿಗೆ ಓಡಾಡಿ ಸುರಕ್ಷಿತವಾಗಿ ನಿಲ್ಲುತ್ತಿರುವ ಕಾರಿನ ಕ್ಯಾಲಿಪರ್ ಈ ಕುದಿಬಿಂದುಗಳಿಗಿಂತ ಕೆಳಗೇ ಇದೆ ಎಂದು ಧೈರ್ಯವಾಗಿ ಹೇಳಬಹುದು. ರೇಸ್ ಕಾರುಗಳ ಕ್ಯಾಲಿಪರ್ ಬಣ್ಣ ಬಿಸಿಗೆ ಕಂದಿ ಹೋಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಕಂದುತ್ತದೆ. ಆ ಕಾರುಗಳಿಗೆ ಕುದಿಬಿಂದು ಇನ್ನೂ ಹೆಚ್ಚಿರುವ ಬೇರೆಯ ಆಯಿಲ್ ಹಾಕುತ್ತಾರೆ, ಅದನ್ನು ಪದೇಪದೇ ಬದಲಿಸುತ್ತಾರೆ. ನಮ್ಮ ರಸ್ತೆಯ ಕಾರು ಆ ಸ್ಥಿತಿಗೆ ಬಂದರೆ ಬಣ್ಣದ ಚಿಂತೆ ಕೊನೆಯದಾಗಿರುತ್ತದೆ.

ಡಿಗ್ರಿ ಹೆಚ್ಚಿದ್ದರೆ ನಷ್ಟವೇನು, ಇರಲಿ ಬಿಡಿ ಎನ್ನುವ ಮಾತಿಗೂ ಉತ್ತರ ಬೇಕು. ನಷ್ಟ ಇದೆ. ಬಣ್ಣದಲ್ಲಿ ಮುಖ್ಯವಾಗಿ ಎರಡು ಅಂಶ: ಬಣ್ಣ ಕೊಡುವ ಪುಡಿ, ಮತ್ತು ಆ ಪುಡಿಯನ್ನು ಲೋಹಕ್ಕೆ ಹಿಡಿದಿಡುವ ರಾಳ. ಬೈಕುಗಳ ಸೈಲೆನ್ಸರ್‌ಗೆ ಬಳಿಯುವ ಬಣ್ಣದ ರಾಳ ಸಿಲಿಕೋನ್ ಜಾತಿಯದು. ಅದರ ಬೆನ್ನೆಲುಬಾದ ಸಿಲಿಕಾನ್–ಆಮ್ಲಜನಕ ಬಂಧ, ಸಾಮಾನ್ಯ ಬಣ್ಣಗಳ ಇಂಗಾಲ–ಇಂಗಾಲ ಬಂಧಕ್ಕಿಂತ ಗಟ್ಟಿ, ಆದ್ದರಿಂದ ಸುಲಭಕ್ಕೆ ಸುಡದು. ಆದರೆ ಅದು ಪೂರ್ತಿ ಗಟ್ಟಿಯಾಗಲು ಸುಮಾರು 200 ಡಿಗ್ರಿಯಷ್ಟು ಬೇಯಬೇಕು. ಸೈಲೆನ್ಸರ್ ಅಷ್ಟು ಬಿಸಿಯಾಗುತ್ತದೆ, ಕ್ಯಾಲಿಪರ್ ಆಗುವುದಿಲ್ಲ. ಹಾಗಾಗಿ ಹೆಚ್ಚು ಡಿಗ್ರಿಯ ಬಣ್ಣ ಕ್ಯಾಲಿಪರ್ ಮೇಲೆ ಬೇಯದೆ ಅರೆಗಟ್ಟಿಯಾಗಿಯೇ ಉಳಿಯುತ್ತದೆ, ಉಗುರಿಗೇ ಗೀರು ಬೀಳುತ್ತದೆ, ಒಂದು ಹನಿ ಬ್ರೇಕ್ ಆಯಿಲ್ ಬಿದ್ದರೆ ಕರಗಿ ಬರುತ್ತದೆ. ಇನ್ನೊಂದು ತುದಿಯಲ್ಲಿ, ಗೇಟು, ಕಿಟಕಿಯ ಗ್ರಿಲ್ಲುಗಳಿಗೆ ನಾವೆಲ್ಲ ಬಳಸುವ ರೆಡ್ ಆಕ್ಸೈಡ್ ಇದೆ. ಅದರ ಪುಡಿ ಕಬ್ಬಿಣದ ಆಕ್ಸೈಡೇ, ಬಿಸಿಗೆ ಜಗ್ಗುವುದಲ್ಲ. ಆದರೆ ಅದನ್ನು ಹಿಡಿದಿರುವ ಆಲ್ಕಿಡ್ ರಾಳಕ್ಕೆ ಬ್ರೇಕ್ ಆಯಿಲನ್ನು ಎದುರಿಸುವ ತಾಕತ್ತು ಇಲ್ಲ. ಮೇಲೆ ಎಷ್ಟೇ ಒಳ್ಳೆಯ ಬಣ್ಣವಿದ್ದರೂ ಅಡಿಪಾಯ ಮೆತ್ತಗಾದರೆ ಎಲ್ಲವೂ ಒಟ್ಟಿಗೆ ಏಳುತ್ತದೆ. ಕ್ಯಾಲಿಪರ್‌ಗೆ ಒಪ್ಪುವುದು ಗಟ್ಟಿಕಾರಕವನ್ನು ಬೆರೆಸಿ ಬಳಿಯುವ ಎರಡು ಡಬ್ಬಿಯ ಎಪಾಕ್ಸಿ ಜಾತಿಯ ಬಣ್ಣ, ಅದರಲ್ಲೂ ಕ್ಯಾಲಿಪರ್‌ಗೆಂದೇ ಮಾಡಿದ್ದು. ಅದು ಕೋಣೆಯ ಹವೆಯಲ್ಲೇ ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುತ್ತದೆ, ಬ್ರೇಕ್ ಆಯಿಲನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಅದರ ಡಬ್ಬಿಯ ಮೇಲಿನ ಅಂಕಿ ಸೈಲೆನ್ಸರ್ ಬಣ್ಣದ್ದಕ್ಕಿಂತ ಚಿಕ್ಕದೇ ಇರುತ್ತದೆ.

ಬಿಸಿ ಪ್ರಧಾನ ಶತ್ರುವಲ್ಲವಾದರೆ ಯಾವುದು? ನೀರು, ಅದರಲ್ಲಿ ಕರಗಿದ ಲವಣ. ಶೀತ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ, ಅಲ್ಲಿ ಕಾರುಗಳ ಅಡಿಭಾಗ ತುಕ್ಕು ಹಿಡಿಯುವುದು ಅದರಿಂದ. ಚಿಕ್ಕಬಳ್ಳಾಪುರ ಜಿಲ್ಲೆಗೆ ಆ ಕಷ್ಟವಿಲ್ಲ, ಸಮುದ್ರದ ಗಾಳಿಯೂ ಇಲ್ಲ, ಮಳೆಯೂ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು. ಹೀಗಿರುವಾಗ ಇಲ್ಲಿ ತುಕ್ಕಿನ ಮಾತೇಕೆ ಎನಿಸಬಹುದು. ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಜಿಲ್ಲೆ ಬದುಕಿರುವುದು ಕೊಳವೆಬಾವಿಯ ಮೇಲೆ. ಸಾವಿರ ಅಡಿಗೂ ಕೆಳಗಿನ ಗ್ರಾನೈಟ್ ಬಿರುಕುಗಳಿಂದ ಮೇಲೆ ಬರುವ ನೀರು ಕಲ್ಲಿನ ಖನಿಜಗಳನ್ನು ಕರಗಿಸಿಕೊಂಡೇ ಬರುತ್ತದೆ. ಫ್ಲೋರೈಡಿನ ಸುದ್ದಿ ಎಲ್ಲರಿಗೂ ಗೊತ್ತು, ಜೊತೆಗೆ ಕ್ಯಾಲ್ಸಿಯಂ, ಸೋಡಿಯಂ, ಕ್ಲೋರೈಡುಗಳೂ ಇರುತ್ತವೆ. ಅದೇ ನೀರಿನಿಂದ ವಾರಕ್ಕೊಮ್ಮೆ ಕಾರು ತೊಳೆದು ಬಿಸಿಲಿಗೆ ಬಿಟ್ಟರೆ ನೀರು ಆರುತ್ತದೆ, ಲವಣ ಎರಕದ ರಂಧ್ರಗಳಲ್ಲಿ ಉಳಿಯುತ್ತದೆ. ಮುಂದಿನ ಮಂಜಿನ ರಾತ್ರಿ ಆ ಲವಣವೇ ಗಾಳಿಯ ತೇವ ಹೀರಿ ಕಬ್ಬಿಣದ ಮೇಲೆ ವಿದ್ಯುತ್ ಹರಿಯಬಲ್ಲ ತೆಳು ದ್ರವಪದರವಾಗುತ್ತದೆ, ತುಕ್ಕಿಗೆ ಬೇಕಾದದ್ದು ಅಷ್ಟೇ. ಮೇಲೂರಿನ ಸುತ್ತಲ ರೇಷ್ಮೆ ಸೀಮೆಯಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಬೆಳೆ ಮುಗಿದ ಮೇಲೆ ಹುಳುಮನೆಯನ್ನು ಬ್ಲೀಚಿಂಗ್ ಪೌಡರ್ ಮೊದಲಾದ ಕ್ಲೋರಿನ್‌ಯುಕ್ತ ಸೋಂಕುನಿವಾರಕಗಳಿಂದ ತೊಳೆಯುತ್ತಾರೆ. ಹುಳುವಿನ ರೋಗಾಣು ಕೊಲ್ಲುವ ಆ ದ್ರಾವಣ ಕಬ್ಬಿಣವನ್ನೂ ಬಲುಬೇಗ ತಿನ್ನುತ್ತದೆ. ಹುಳುಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ ಕಾರಿನ ಅಡಿಭಾಗಕ್ಕೆ ಅದು ಸಿಡಿದರೆ ಪರಿಣಾಮ ಉಪ್ಪುನೀರಿನದ್ದೇ.

ಹಾಗಾದರೆ ಕೆಲಸದ ಕ್ರಮ ಹೇಗೆ? ಕಾರನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿದ ಮೇಲೆ ಸ್ಟ್ಯಾಂಡ್ ಇಡದೆ ಚಕ್ರ ಬಿಚ್ಚಬಾರದು. ಜಾಕ್ ಎತ್ತುವುದಕ್ಕೆ, ಹೊರುವುದಕ್ಕಲ್ಲ. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಬಳಕೆಯಲ್ಲಿತ್ತು, ಅದರ ಎಳೆ ಶ್ವಾಸಕೋಶಕ್ಕೆ ಹೊಕ್ಕರೆ ವಾಪಸು ಬರುವುದಿಲ್ಲ. ಧೂಳನ್ನು ಒದ್ದೆ ಮಾಡಿ ಒರೆಸಿ ತೆಗೆಯುವುದೇ ಸರಿ. ಆಮೇಲೆ ಜಿಡ್ಡು. ಇಲ್ಲಿ ಗ್ಯಾರೇಜುಗಳ ಹಳೆಯ ರೂಢಿಯೊಂದನ್ನು ಖಡಾಖಂಡಿತವಾಗಿ ವಿರೋಧಿಸಬೇಕಾಗಿದೆ: ಸೀಮೆಎಣ್ಣೆ, ಡೀಸೆಲ್ ಅಥವಾ ಪೆಟ್ರೋಲಿನಲ್ಲಿ ಬ್ರೇಕಿನ ಭಾಗ ತೊಳೆಯುವುದು. ಕ್ಯಾಲಿಪರ್‌ನ ರಬ್ಬರ್ ಸೀಲು, ಪಿಸ್ಟನ್ ಸುತ್ತಲ ಬೂಟು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನವು. ಬ್ರೇಕ್ ಆಯಿಲಿಗೆ ಅದು ವರ್ಷಗಟ್ಟಲೆ ಜಗ್ಗದು, ಆದರೆ ಪೆಟ್ರೋಲಿಯಂ ಎಣ್ಣೆಯನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಜೊತೆಗೆ ಸೀಮೆಎಣ್ಣೆ, ಡೀಸೆಲ್‌ಗಳು ಪೂರ್ತಿ ಆರದೆ ಲೋಹದ ಮೇಲೆ ತೆಳುವಾದ ಎಣ್ಣೆಯ ಪೊರೆ ಬಿಟ್ಟುಹೋಗುತ್ತವೆ. ಬಣ್ಣ ಆ ಪೊರೆಗೆ ಅಂಟಿಕೊಳ್ಳುತ್ತದೆ, ಕಬ್ಬಿಣಕ್ಕಲ್ಲ. ಸಾಬೂನಿನ ನೀರು, ಬ್ರಷ್ಷು, ಅನಂತರ ಬೇಗ ಆವಿಯಾಗುವ ಬ್ರೇಕ್ ಕ್ಲೀನರ್ ಇಷ್ಟು ಸಾಕು. ಜಿಡ್ಡು ಹೋಗುವ ಮೊದಲು ವೈರ್ ಬ್ರಷ್ಷನ್ನಾಗಲಿ ಎಮರಿ ಪೇಪರನ್ನಾಗಲಿ ಮುಟ್ಟಕೂಡದು. ಮೊದಲು ಉಜ್ಜಿದರೆ ಮೇಲಿದ್ದ ಎಣ್ಣೆ ಹೊಸ ಗೀರುಗಳ ಆಳಕ್ಕೆ ಇಳಿದು ಕೂರುತ್ತದೆ, ಮತ್ತೆ ತೆಗೆಯುವುದು ದುಸ್ತರ. ಉಜ್ಜಿದ ಮೇಲೂ ಇನ್ನೊಮ್ಮೆ ಜಿಡ್ಡು ತೆಗೆಯಬೇಕು, ಏಕೆಂದರೆ ಎರಕದ ರಂಧ್ರಗಳಲ್ಲಿ ಅಡಗಿದ್ದ ಎಣ್ಣೆ ಆಗಷ್ಟೇ ಬಾಯಿ ತೆರೆದುಕೊಂಡಿರುತ್ತದೆ.

ಉಜ್ಜುವುದರಲ್ಲೂ ಎಲ್ಲಿ ಎಷ್ಟು ಎಂಬ ವಿವೇಚನೆ ಬೇಕು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಆದ್ದರಿಂದಲೇ ಬಣ್ಣದಡಿಯಲ್ಲಿ ಉಳಿದ ತುಕ್ಕು ಸುಮ್ಮನೆ ಇರದೆ ಬಣ್ಣವನ್ನು ಕೆಳಗಿನಿಂದ ಎತ್ತಿಹಾಕುತ್ತದೆ. ಹಕ್ಕಳೆಯಾದ ತುಕ್ಕು ಪೂರ್ತಿ ಹೋಗಲೇಬೇಕು. ಆದರೆ ಅನೇಕ ಕ್ಯಾಲಿಪರ್‌ಗಳಿಗೆ ಕಾರ್ಖಾನೆಯಲ್ಲೇ ಸತುವಿನ ಲೇಪ ಕೊಟ್ಟಿರುತ್ತಾರೆ. ಕಬ್ಬಿಣದ ಬದಲು ತಾನು ಸವೆದು ಅದನ್ನು ಕಾಯುವ ಲೋಹ ಸತು. ಲೇಪ ಗಟ್ಟಿಯಿರುವ ಕಡೆ ಗ್ರೈಂಡರ್ ಹಿಡಿದು ಹೊಳೆಯುವ ಕಬ್ಬಿಣ ಕಾಣುವ ತನಕ ತೀಡುವುದು ಇದ್ದ ರಕ್ಷಣೆಯನ್ನು ನಾವೇ ಕಿತ್ತಂತೆ. ಅಲ್ಲಿ ನಯವಾದ ಉಪ್ಪು ಕಾಗದದಿಂದ ಹೊಳಪು ಮುರಿದರೆ ಸಾಕು. ಇಷ್ಟೆಲ್ಲ ಯಾಕೆ, ರಸ್ಟ್ ಕನ್ವರ್ಟರ್ ಬಳಿದರೆ ತುಕ್ಕು ತಾನಾಗಿ ಕಪ್ಪು ಪದರವಾಗುತ್ತದಲ್ಲ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಅದರಲ್ಲಿ ಸತ್ಯವಿದೆ. ಫಾಸ್ಫಾರಿಕ್ ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿಸುತ್ತದೆ, ಟ್ಯಾನಿಕ್ ಆಮ್ಲ ಕಪ್ಪಾದ ಟ್ಯಾನೇಟ್ ಆಗಿಸುತ್ತದೆ. ಎರಡೂ ತುಕ್ಕಿಗಿಂತ ಸ್ಥಿರ. ಆದರೆ ಈ ಕ್ರಿಯೆ ನಡೆಯುವುದು ದ್ರವ ತಲುಪುವಷ್ಟು ಆಳಕ್ಕೆ ಮಾತ್ರ. ದಪ್ಪ ತುಕ್ಕಿನ ಮೇಲೆ ಬಳಿದರೆ ಮೇಲ್ಪದರ ಕಪ್ಪಾಗಿ ಕಣ್ಣಿಗೆ ಸಮಾಧಾನ ಕೊಡುತ್ತದೆ, ಕೆಳಗಿನ ಸಡಿಲ ತುಕ್ಕು ಹಾಗೇ ಇರುತ್ತದೆ. ಬ್ರಷ್ಷಿಗೆ ಬಗ್ಗದೆ ಗುಂಡಿಗಳಲ್ಲಿ ಅಂಟಿ ಉಳಿದ ತೆಳು ತುಕ್ಕಿಗೆ ಕನ್ವರ್ಟರ್ ಒಳ್ಳೆಯ ಔಷಧಿ, ಉಜ್ಜುವ ಕೆಲಸಕ್ಕೆ ಬದಲಿ ಅಲ್ಲ. ಸತುವಿನ ಲೇಪಕ್ಕೂ ಅಲ್ಯೂಮಿನಿಯಂ ಕ್ಯಾಲಿಪರ್‌ಗಳಿಗೂ ಆ ಆಮ್ಲ ತಾಕದಂತೆ ನೋಡಿಕೊಳ್ಳಬೇಕು.

ಕೊನೆಯ ತೊಳೆತದಲ್ಲಿ ಮೇಲೂರಿನ ನೀರಿನ ಕಥೆ ಮತ್ತೆ ಎದುರಾಗುತ್ತದೆ. ಇಷ್ಟು ಶ್ರಮಪಟ್ಟು ಶುದ್ಧ ಮಾಡಿದ ಲೋಹವನ್ನು ಕೊಳವೆಬಾವಿಯ ನೀರಿನಲ್ಲಿ ತೊಳೆದು ಆರಲು ಬಿಟ್ಟರೆ ಕಣ್ಣಿಗೆ ಕಾಣದ ಲವಣದ ಕಣಗಳು ಉಳಿಯುತ್ತವೆ. ಬಣ್ಣದ ಪೊರೆ ನೀರಿಗೆ ಪೂರ್ತಿ ಅಭೇದ್ಯವಲ್ಲ, ತೇವ ಅದರೊಳಗಿಂದ ಬಹು ನಿಧಾನವಾಗಿ ನುಸುಳುತ್ತದೆ. ಅಡಿಯಲ್ಲಿ ಲವಣವಿದ್ದರೆ ಆಸ್ಮಾಸಿಸ್ ಶುರುವಾಗಿ ನೀರು ಅತ್ತಲೇ ಸೆಳೆಯಲ್ಪಡುತ್ತದೆ, ಸಣ್ಣ ಗುಳ್ಳೆ ಏಳುತ್ತದೆ, ಗುಳ್ಳೆಯೊಳಗೆ ತುಕ್ಕು ಹುಟ್ಟುತ್ತದೆ. ಹಡಗಿನ ಬಣ್ಣದಲ್ಲೂ ಸೇತುವೆಯ ಬಣ್ಣದಲ್ಲೂ ಎಂಜಿನಿಯರುಗಳು ಲವಣದ ಉಳಿಕೆಯನ್ನು ಅಳೆದೇ ಮುಂದುವರಿಯುವುದು ಇದಕ್ಕಾಗಿ. ಪರಿಹಾರ ಊರಿನಲ್ಲೇ ಇದೆ. ಫ್ಲೋರೈಡ್ ಇರುವ ಹಳ್ಳಿಗಳಲ್ಲಿ ಕಾಸು ಹಾಕಿದರೆ 20 ಲೀಟರಿನ ಕ್ಯಾನ್ ತುಂಬಿಸಿಕೊಡುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅವು ರಿವರ್ಸ್ ಆಸ್ಮಾಸಿಸ್‌ನಿಂದ ಲವಣದ ಬಹುಭಾಗ ತೆಗೆದ ನೀರನ್ನೇ ಕೊಡುವುದು. ಒಂದೆರಡು ಲೀಟರ್ ಸಾಕು. ಅದೇ ನೀರಿನಲ್ಲಿ ಒಂದು ಪರೀಕ್ಷೆಯನ್ನೂ ಮಾಡಬಹುದು: ತೊಳೆದ ಮೈಮೇಲೆ ನೀರು ಒಂದೇ ಪೊರೆಯಾಗಿ ಹರಡಿ ನಿಂತರೆ ಜಿಡ್ಡಿಲ್ಲ, ಹನಿಹನಿಯಾಗಿ ಒಡೆದು ನಿಂತರೆ ಆ ಜಾಗದಲ್ಲಿ ಇನ್ನೂ ಎಣ್ಣೆಯಿದೆ ಎಂದರ್ಥ. ಸಾವಿರಾರು ರೂಪಾಯಿಯ ಯಂತ್ರ ಹೇಳುವುದನ್ನು ಒಂದು ಲೋಟ ನೀರು ಹೇಳುವ ಈ ಪರೀಕ್ಷೆಯನ್ನು ಮನೆಯ ಪೇಂಟಿಂಗಿನಲ್ಲಿ ಯಾರೂ ಮಾಡುವುದಿಲ್ಲವೆಂಬುದು ಬೇಸರದ ಸಂಗತಿ. ಪರೀಕ್ಷೆ ಮುಗಿದೊಡನೆ ಬಿಳಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಬಿಸಿಗಾಳಿಯಲ್ಲಿ ಒಣಗಿಸಬೇಕು. ಬರಿಯ ಕಬ್ಬಿಣ ಒದ್ದೆಯಾಗಿದ್ದರೆ ನಿಮಿಷಗಳಲ್ಲೇ ಹೊಂಬಣ್ಣದ ಹೊಸ ತುಕ್ಕು ಹಾಯುತ್ತದೆ.

ಹವೆಯ ವಿಷಯದಲ್ಲಿ ರೇಷ್ಮೆ ಸಾಕುವ ಮನೆಗಳಿಗೆ ಪೇಟೆಯ ಗ್ಯಾರೇಜಿಗಿಲ್ಲದ ಅನುಕೂಲವಿದೆ. ಲೋಹಕ್ಕೆ ಬಣ್ಣ ಬಳಿಯುವವರ ನಿಯಮ ಇಷ್ಟು: ಗಾಳಿಯ ಆರ್ದ್ರತೆ ಶೇಕಡಾ 85 ಮೀರಬಾರದು, ಲೋಹದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಆರ್ದ್ರತೆ ಅಳೆಯುವ ಒಣ–ಒದ್ದೆ ಬಲ್ಬುಗಳ ಉಷ್ಣಮಾಪಕ ಹುಳುಮನೆಯ ಗೋಡೆಯಲ್ಲೇ ತೂಗುತ್ತಿರುತ್ತದೆ. ಚಾಕಿ ಎನ್ನುವ ಎಳೆಯ ಹುಳುಗಳಿಗೆ ಬೇಕಾದದ್ದು 27–28 ಡಿಗ್ರಿ, ಶೇಕಡಾ 85ರಿಂದ 90ರ ಆರ್ದ್ರತೆ. ದೊಡ್ಡ ಹುಳುಗಳಿಗೆ 24–25 ಡಿಗ್ರಿ, ಶೇಕಡಾ 70–75. ಚಾಕಿಗೆ ಹಿತವಾದ ಹವೆ ಬಣ್ಣಕ್ಕೆ ಅಹಿತ, ದೊಡ್ಡ ಹುಳುವಿಗೆ ಹಿತವಾದದ್ದು ಬಣ್ಣಕ್ಕೂ ಸಾಗುತ್ತದೆ ಎಂದು ಇದರಿಂದ ತಿಳಿಯುತ್ತದೆ. ಕಾರ್ತಿಕ, ಮಾರ್ಗಶಿರದ ಮಂಜಿನ ಬೆಳಗುಗಳಲ್ಲಿ ಎರಕದ ದಪ್ಪ ಲೋಹ ಗಾಳಿಗಿಂತ ತಡವಾಗಿ ಬೆಚ್ಚಗಾಗುತ್ತದೆ, ಅದರ ಮೇಲೆ ಇಬ್ಬನಿ ಕೂತಿರುತ್ತದೆ. ಆಗ ಮಧ್ಯಾಹ್ನದ ತನಕ ಕಾಯುವುದು ಲೇಸು. ಆಷಾಢದ ಗಾಳಿಯಲ್ಲಿ ಧೂಳಿನ ಕಾಟ. ಆದರೆ ಉಷ್ಣಮಾಪಕ ಹುಳುಮನೆಯಲ್ಲಿದೆ ಎಂದು ಬಣ್ಣದ ಕೆಲಸವನ್ನು ಅದರ ಹತ್ತಿರ ಇಟ್ಟುಕೊಳ್ಳುವಂತಿಲ್ಲ. ರೇಷ್ಮೆಹುಳು ರಾಸಾಯನಿಕಗಳಿಗೆ ತೀರಾ ಸೂಕ್ಷ್ಮವಾದ ಜೀವಿ. ಥಿನ್ನರ್ ವಾಸನೆ, ಸ್ಪ್ರೇಯ ಮಂಜು ಹುಳುಮನೆಗೆ ನುಗ್ಗಿದರೆ, ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಬೆಳೆಯೇ ಕೈತಪ್ಪಬಹುದು. ಎರಡು ಕ್ಯಾಲಿಪರ್‌ನ ಚೆಂದಕ್ಕಾಗಿ ಒಂದು ಬೆಳೆಯನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಸಲ್ಲದು. ಹುಳು ಇರುವ ದಿನಗಳಲ್ಲಿ ಈ ಕೆಲಸ ಬೇಡ. ಇಲ್ಲದ ದಿನಗಳಲ್ಲೂ ಸ್ಪ್ರೇಗಿಂತ ಬ್ರಷ್ಷೇ ಮೇಲು. ಬ್ರಷ್ಷಿನಿಂದ ಡಿಸ್ಕಿನ ಮೇಲೆ ಬಣ್ಣ ಹಾರದು, ಉಸಿರಿಗೂ ಕಡಿಮೆ ಹೋಗುತ್ತದೆ.

ಬಣ್ಣ ಎಲ್ಲಿ ಬೀಳಬೇಕು ಎನ್ನುವುದಕ್ಕಿಂತ ಎಲ್ಲಿ ಬೀಳಬಾರದು ಎನ್ನುವುದು ಜೀವದ ಪ್ರಶ್ನೆ. ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಕ್ಯಾಲಿಪರ್‌ನಲ್ಲಿಲ್ಲ. ಪಿಸ್ಟನ್ ಸುತ್ತಲಿನ ಚೌಕ ಅಂಚಿನ ರಬ್ಬರ್ ಸೀಲು ಒತ್ತಡದಲ್ಲಿ ಬಾಗಿ, ಒತ್ತಡ ಹೋದಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಮಿಲಿಮೀಟರಿನ ಒಂದು ಸಣ್ಣ ಭಾಗದಷ್ಟು ಹಿಂದಕ್ಕೆ ತರುತ್ತದೆ, ಅಷ್ಟೇ. ಪ್ಯಾಡಿನ ಕಿವಿಗಳು ಜಾರುವ ತೋಡಿನಲ್ಲಿರುವ ಸಡಿಲೂ ಅತಿ ಸಣ್ಣದು. ಆ ತೋಡಿನ ಎರಡೂ ಬದಿಗೆ ಬಣ್ಣ ಬಿದ್ದರೆ ಪ್ಯಾಡು ಬಿಗಿಯಾಗಿ, ಡಿಸ್ಕಿಗೆ ಸದಾ ಉಜ್ಜುತ್ತಲೇ ಇರುತ್ತದೆ. ಆಗ ಬಿಸಿ ಏರುತ್ತದೆ, ಆಯಿಲ್ ಕುದಿಯುವ ಹತ್ತಿರ ಬರುತ್ತದೆ. ಬಣ್ಣ ತಡೆಯಬೇಕಾಗಿದ್ದ ಬಿಸಿಯನ್ನು ಬಣ್ಣವೇ ತಂದಿಟ್ಟಂತಾಗುತ್ತದೆ. ಪಿಸ್ಟನ್, ಅದರ ರಬ್ಬರ್ ಬೂಟು, ಜಾರುವ ಪಿನ್ನುಗಳು, ಬ್ಲೀಡರ್ ನಿಪ್ಪಲ್, ಆಯಿಲ್ ಹೋಸಿನ ಕೂಡುಗೆ, ಎಬಿಎಸ್ ಸೆನ್ಸರ್ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಸುತ್ತಬೇಕು. ಬೋಲ್ಟು ಬಿಗಿಯುವ ಮುಖಗಳಿಗೂ ಚಕ್ರ ಕೂರುವ ಹಬ್ಬಿನ ಮುಖಕ್ಕೂ ಬಣ್ಣ ನಿಷಿದ್ಧ. ಬಿಗಿದ ನಟ್ಟನ್ನು ಸಡಿಲವಾಗದಂತೆ ಹಿಡಿದಿಡುವುದು ಹಿಗ್ಗಿದ ಬೋಲ್ಟಿನ ಸೆಳೆತ. ನಡುವೆ ಬಣ್ಣದ ಪದರವಿದ್ದರೆ ಅದು ದಿನಗಳೆದಂತೆ ಹಿಸುಕಿಕೊಂಡು ತೆಳುವಾಗುತ್ತದೆ, ಸೆಳೆತ ಕುಗ್ಗುತ್ತದೆ, ನಟ್ಟು ಸಡಿಲುತ್ತದೆ. ಕ್ಯಾಲಿಪರ್ ಬಿಚ್ಚಿ ಬಳಿಯುವವರು ಅದನ್ನು ಹೋಸಿನಿಂದ ನೇತಾಡಲು ಬಿಡದೆ ತಂತಿಯಿಂದ ಕಟ್ಟಬೇಕು. ಬಿಚ್ಚಿದ ಹೊತ್ತಿನಲ್ಲಿ ಯಾರೂ ಪೆಡಲ್ ಒತ್ತಬಾರದು, ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಈ ಪಟ್ಟಿ ಓದಿ ಕೈ ನಡುಗಿದರೆ ಬಿಚ್ಚದೆಯೇ, ಹೊರಮೈಗೆ ಮಾತ್ರ ಬಳಿಯುವುದು ಸರಿಯಾದ ನಿರ್ಧಾರ.

ಬಣ್ಣದ ಹೊದಿಕೆ ಕ್ಯಾಲಿಪರ್‌ನ ಬಿಸಿಯನ್ನು ಒಳಗೇ ಹಿಡಿದಿಡುವುದಿಲ್ಲವೇ ಎಂಬ ಆಕ್ಷೇಪ ಗಂಭೀರವಾದದ್ದು, ಅದಕ್ಕೆ ಅಂಕಿಗಳಲ್ಲೇ ಉತ್ತರಿಸಬೇಕು. ಎಲ್ಲ ಪದರ ಸೇರಿ ಬಣ್ಣದ ದಪ್ಪ 100 ಮೈಕ್ರಾನ್ ಎನ್ನೋಣ. ಬಣ್ಣದ ಶಾಖವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 0.2 ವ್ಯಾಟ್. ಹಾಗಾದರೆ ಚದರ ಮೀಟರಿಗೆ ಅದು ಒಡ್ಡುವ ತಡೆ 0.0005. ಲೋಹದಿಂದ ಬೀಸುಗಾಳಿಗೆ ಶಾಖ ದಾಟುವಲ್ಲಿ ಇರುವ ತಡೆ, ಗಾಳಿಯ ಶಾಖ ವರ್ಗಾವಣೆಯನ್ನು 50 ವ್ಯಾಟ್ ಎಂದು ಹಿಡಿದರೆ, 0.02. ಅಂದರೆ ಬಣ್ಣ ಸೇರಿಸುವುದು ಇದರ ನಲವತ್ತರಲ್ಲಿ ಒಂದು ಪಾಲು. ಇನ್ನೊಂದು ಕಡೆ ವಿಕಿರಣದಲ್ಲಿ ಬಣ್ಣ ಲಾಭವನ್ನೇ ತರಬಹುದು. ಹೊಳೆಯುವ ಅಲ್ಯೂಮಿನಿಯಂ ಶಾಖವನ್ನು ಅವಕೆಂಪು ಕಿರಣಗಳಾಗಿ ಹೊರಸೂಸುವುದು ಬಲು ಕಡಿಮೆ, ಆದರ್ಶ ಕಪ್ಪುಕಾಯದ ಹತ್ತನೆ ಒಂದು ಭಾಗಕ್ಕೂ ಕಡಿಮೆ ಇರಬಹುದು. ಬಣ್ಣ ಬಳಿದ ಮೈ ಹತ್ತರಲ್ಲಿ ಒಂಬತ್ತು ಭಾಗದಷ್ಟು ಹೊರಸೂಸುತ್ತದೆ. ಕೆಂಪು, ಹಳದಿ, ಕಪ್ಪು ಎಂಬ ವ್ಯತ್ಯಾಸ ಇಲ್ಲಿ ನಗಣ್ಯ, ಏಕೆಂದರೆ ನಮ್ಮ ಕಣ್ಣಿನ ಬಣ್ಣವೇ ಬೇರೆ, ಅವಕೆಂಪಿನ ವರ್ತನೆಯೇ ಬೇರೆ. ಆದರೆ ತುಕ್ಕು ಹಿಡಿದ ಕಬ್ಬಿಣವೂ ಚೆನ್ನಾಗಿಯೇ ಹೊರಸೂಸುವುದರಿಂದ, ಬಣ್ಣ ಬಳಿದರೆ ಬ್ರೇಕ್ ತಂಪಾಗುತ್ತದೆ ಎಂಬ ಜಾಹೀರಾತಿನ ಮಾತನ್ನೂ ಒಪ್ಪಬೇಕಿಲ್ಲ. ಪೌಡರ್ ಕೋಟಿಂಗ್ ಮಾಡಿಸಿದರೆ ಇವೆಲ್ಲ ತಾಪತ್ರಯವೇ ಇಲ್ಲವಲ್ಲ ಎನ್ನುವವರಿಗೂ ಒಂದು ಮಾತು. ಅದು ಗಟ್ಟಿಯೇ. ಆದರೆ ಪುಡಿ ಕರಗಿ ಹರಡಲು ಸಾಮಾನ್ಯವಾಗಿ 180ರಿಂದ 200 ಡಿಗ್ರಿಯ ಒಲೆ ಬೇಕು, ಅಷ್ಟಕ್ಕೆ ಸೀಲುಗಳು ಹಾಳಾಗುತ್ತವೆ. ಆದ್ದರಿಂದ ಕ್ಯಾಲಿಪರನ್ನು ಪೂರ್ತಿ ಕಳಚಿ, ಹೊಸ ರಬ್ಬರ್ ಹಾಕಿ ಮತ್ತೆ ಕಟ್ಟಿ, ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿ ತೆಗೆಯಬೇಕು. ಅದು ಅನುಭವಿ ಮೆಕ್ಯಾನಿಕ್ಕಿನ ಕೆಲಸ.

ಇಷ್ಟಾದ ಮೇಲೆ ಬಣ್ಣ ಬಳಿಯುವ ಕೆಲಸ ಚಿಕ್ಕದು. ಒಂದು ತೆಳು ಪದರ ಒಣಗಿದಾಗ ಉಳಿಯುವುದು 25 ಮೈಕ್ರಾನಿನಷ್ಟು, ರೇಷ್ಮೆಗೂಡಿನಿಂದ ಬಿಚ್ಚಿದ ಒಂಟಿ ಎಳೆಗಿಂತ ಕೊಂಚವೇ ದಪ್ಪ. ಹೀಗೆ ಎರಡು ಮೂರು ಪದರ, ನಡುವೆ ಡಬ್ಬಿ ಹೇಳಿದಷ್ಟು ಬಿಡುವು. ಒಂದೇ ಸಲ ದಪ್ಪಗೆ ಬಳಿದರೆ ಮೇಲ್ಮೈ ಬೇಗ ಕಟ್ಟಿಕೊಂಡು ದ್ರಾವಕ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಮೊದಲ ಬಿಸಿಗೇ ಗುಳ್ಳೆಯಾಗುತ್ತದೆ. ಗಟ್ಟಿಕಾರಕದ ಪ್ರಮಾಣವನ್ನು ಕಣ್ಣಂದಾಜಿಗೆ ಬಿಡದೆ ಅಳೆದೇ ಬೆರೆಸಬೇಕು, ಹೆಚ್ಚಾದರೂ ಕಡಿಮೆಯಾದರೂ ಹೆಣಿಗೆ ಅರ್ಧಕ್ಕೇ ನಿಲ್ಲುತ್ತದೆ. ಥಿನ್ನರ್ ಅದ್ದಿದ ಬಟ್ಟೆ, ಉಳಿದ ಬಣ್ಣ ರಾಜಕಾಲುವೆಗೂ ಕೆರೆಯ ದಂಡೆಗೂ ಹೋಗಬಾರದು. ಒಂದು ಪೂರ್ತಿ ದಿನ ಒಣಗಿದ ಮೇಲೆ ಟೇಪ್ ತೆಗೆದು, ಚಕ್ರ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಹಲವು ಸಲ ಒತ್ತಬೇಕು. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳ ಬಿಗಿಯನ್ನು ಮತ್ತೆ ನೋಡಬೇಕು. ಎಪಾಕ್ಸಿ ಪೂರ್ತಿ ಗಟ್ಟಿಯಾಗಲು ವಾರ ಬೇಕು, ಅಲ್ಲಿಯವರೆಗೆ ಬೆಟ್ಟದ ಇಳಿಜಾರೂ ನೀರಿನ ಪ್ರೆಷರ್ ವಾಷೂ ಬೇಡ. ಮುಂದೆಂದಾದರೂ ಬ್ರೇಕ್ ಆಯಿಲ್ ಬದಲಿಸುವಾಗ ನಿಪ್ಪಲಿನಿಂದ ಹನಿ ಸೋರಿದರೆ ಒಣಬಟ್ಟೆಯಲ್ಲಿ ಉಜ್ಜಿ ಹರಡುವ ಬದಲು ನೀರು ಸುರಿಯಬೇಕು. ಗ್ಲೈಕಾಲ್ ಆಧಾರದ ಆ ದ್ರವ ನೀರಿನಲ್ಲಿ ಕರಗಿ ಹೋಗುತ್ತದೆ. ಆ ತೊಳೆತಕ್ಕೂ ಕ್ಯಾನಿನ ನೀರೇ ಒಳ್ಳೆಯದು.